ಓಡಿದವರ ಹೆಸರು ಎಲ್ಲಿ ಬರೆದಿದೆ?

ಹಳಿಯಾಳ ಪೇಟೆಯಲ್ಲಿ ಕುಸ್ತಿಯ ಮಾತು ತೆಗೆದರೆ ಸಾಕು, ತಾಸುಗಟ್ಟಲೆ ಹೇಳುವವರು ಸಿಗುತ್ತಾರೆ. ಯಾವ ಜಾತ್ರೆಯಲ್ಲಿ ಯಾರ ಜೋಡಿ ಬಿತ್ತು, ಯಾರು ಯಾರನ್ನು ಚಿತ್ ಮಾಡಿದರು, ಅವನು ಯಾವ ಗರಡಿಯ ಹುಡುಗ, ಅವನ ಉಸ್ತಾದರು ಯಾರು, ಎಲ್ಲಕ್ಕೂ ಉತ್ತರ ಉಂಟು. ತೀರಿಹೋಗಿ ಎಷ್ಟೋ ವರ್ಷಗಳಾದ ಪೈಲ್ವಾನರ ಹೆಸರನ್ನೂ ನಿನ್ನೆ ಮೊನ್ನೆ ಕಂಡವರಂತೆ ಎತ್ತುತ್ತಾರೆ. ಅದೇ ಪೇಟೆಯಲ್ಲಿ, 1980ರ ದಶಕದ ಕೊನೆಯಲ್ಲಿ ಸುತ್ತಲಿನ ಕಾಡಿನ ಕೇರಿಗಳಿಂದ ದೇಶಕ್ಕೆ ಪದಕ ತರಲೆಂದು ಆರಿಸಿ ಕರೆದೊಯ್ದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳು ಯಾರ್ಯಾರು ಎಂದು ಕೇಳಿ. ಮಾತು ಒಂದೆರಡು ಹೆಸರಿಗೇ ಮುಗಿದುಬಿಡುತ್ತದೆ. ಮುಂಡಗೋಡದಲ್ಲೂ ಅಷ್ಟೇ, ದಾಂಡೇಲಿ, ಜೋಯಿಡಾಗಳಲ್ಲೂ ಅಷ್ಟೇ.

ಕ್ರೀಡೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯಗಳು ನಡೆದಿರಬಹುದು. ಉತ್ತರ ಕನ್ನಡದ ಮಟ್ಟಿಗೆ ಇದು ದೊಡ್ಡದೇ. ಆ ಮಕ್ಕಳು ಓಡಿದ್ದು ಸುಳ್ಳಲ್ಲ, ಗೆದ್ದದ್ದೂ ಸುಳ್ಳಲ್ಲ. ಅವರನ್ನು ನೆನಪಿಟ್ಟುಕೊಳ್ಳಬೇಕಾದ ಮನೆ ಮಾತ್ರ ಎಲ್ಲೂ ಕಟ್ಟಲಿಲ್ಲ.

ಕೇರಿಯಿಂದ ಟ್ರ್ಯಾಕಿಗೆ

ಕಥೆಯ ಮೊದಲ ಎಳೆ ದೆಹಲಿಯಲ್ಲಿದೆ. 1982ರ ಏಷ್ಯನ್ ಕ್ರೀಡಾಕೂಟ ಮುಗಿದ ಮೇಲೆ, 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಹುಟ್ಟಿತು. ಆಟಗಾರರ ಬಾಯಲ್ಲಿ ಅದು ‘ಸಾಯ್’. ಅದೇ ವರ್ಷ ಲಾಸ್ ಏಂಜಲಿಸ್‌ನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡರು. ಇಡೀ ದೇಶ ಆ ಒಲಿಂಪಿಕ್ಸ್‌ನಿಂದ ಬರಿಗೈಯಲ್ಲಿ ಬಂತು. ಪದಕ ತರಬಲ್ಲವರು ಊರುಗಳ ಕ್ಲಬ್ಬುಗಳಲ್ಲಿ ಸಿಗದಿದ್ದರೆ ಕಾಡು, ಗುಡ್ಡ, ಕಡಲತಡಿಗಳಲ್ಲಿ ಹುಡುಕಬೇಕು ಎಂಬ ಯೋಚನೆ ಬಲವಾದದ್ದು ಆ ಹೊತ್ತಿನಲ್ಲಿ. ಆಗ ಕೇಂದ್ರದಲ್ಲಿ ಯುವಜನ ಮತ್ತು ಕ್ರೀಡಾ ಖಾತೆಯ ರಾಜ್ಯ ಸಚಿವೆಯಾಗಿದ್ದವರು ಮಂಗಳೂರಿನ ಮಾರ್ಗರೆಟ್ ಆಳ್ವ. ‘ಸಾಯ್’ನ ವಿಶೇಷ ಪ್ರದೇಶ ಕ್ರೀಡಾ ಯೋಜನೆ ರೂಪುಗೊಂಡಿತು. ಅದನ್ನು ಹೊತ್ತು ನಡೆಸಿದವರಲ್ಲಿ ಮುಖ್ಯರು ಐಎಎಸ್ ಅಧಿಕಾರಿ ಬಿ.ವಿ.ಪಿ. ರಾವ್. ರಾಜಸ್ಥಾನದ ಬುಡಕಟ್ಟು ಹಳ್ಳಿಗಳಿಗೆ ಬಿಲ್ಲುಗಾರಿಕೆ, ಈಶಾನ್ಯಕ್ಕೆ ಬಾಕ್ಸಿಂಗ್, ಸಿದ್ದಿಗಳಿಗೆ ಅಥ್ಲೆಟಿಕ್ಸ್ ಎಂದು ಹಂಚಿಕೆಯಾಯಿತು.

1987ರಲ್ಲಿ ಉತ್ತರ ಕನ್ನಡದ ಸಿದ್ದಿ ಕೇರಿಗಳಲ್ಲಿ ಹುಡುಕಾಟ ನಡೆಯಿತು. ಗುಜರಾತಿನ ಸಿದ್ದಿಗಳಲ್ಲೂ ನಡೆಯಿತು. ಹುಡುಗ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಓಡಿಸಿದರು, ಜಿಗಿಸಿದರು, ಅಳೆದರು, ಗಡಿಯಾರ ಹಿಡಿದರು. ತೇರ್ಗಡೆಯಾದವರನ್ನು ಹಾಸ್ಟೆಲ್ಲಿಗೆ ಕರೆದೊಯ್ದರು. ಅಪ್ಪ ಅಮ್ಮ ಅರಣ್ಯ ಇಲಾಖೆಯ ಕೂಲಿಗೋ ತೋಟದ ಗೇಯ್ಮೆಗೋ ಹೋಗುವ ಮನೆಯ ಮಗು ಏಕಾಏಕಿ ಮೂರು ಹೊತ್ತು ಊಟ, ಬೂಟು, ತರಬೇತುದಾರ, ಶಾಲೆ ಎಲ್ಲವೂ ಇರುವ ಜಾಗಕ್ಕೆ ಬಂತು. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಶಾಲೆಯಲ್ಲಿ ಕನ್ನಡ, ಮೈದಾನದಲ್ಲಿ ಹಿಂದಿ. ಅಷ್ಟನ್ನೂ ಆ ವಯಸ್ಸಿನಲ್ಲಿ ನುಂಗಿಕೊಂಡು ಓಡಿದರು ಎಂಬುದೇ ಮೊದಲ ಗೆಲುವೆಂದು ನನ್ನ ಎಣಿಕೆ.

ಆ ಮಕ್ಕಳಲ್ಲಿ ಇಂದಿಗೂ ಹೆಚ್ಚು ಜನ ನೆನೆಯುವ ಹೆಸರು ಕಮಲಾ ಸಿದ್ದಿ. ಅವರ ಆಟ ಹರ್ಡಲ್ಸ್. ಅದು ಬರೀ ಕಾಲಿನ ಬಲದ ಆಟವಲ್ಲ. ಹೆಂಗಸರ 100 ಮೀಟರ್ ಓಟದಲ್ಲಿ ಹತ್ತು ತಡೆಗಳು, ಒಂದೊಂದೂ 83.8 ಸೆಂಟಿಮೀಟರ್ ಎತ್ತರ. ಶುರುವಿನ ಗೆರೆಯಿಂದ ಮೊದಲ ತಡೆಗೆ 13 ಮೀಟರ್, ಒಂದರಿಂದ ಇನ್ನೊಂದಕ್ಕೆ 8.5 ಮೀಟರ್, ಕೊನೆಯದನ್ನು ದಾಟಿದ ಮೇಲೆ ಗೆರೆ ಮುಟ್ಟಲು 10.5 ಮೀಟರ್. ಎರಡು ತಡೆಗಳ ನಡುವೆ ಮೂರೇ ಹೆಜ್ಜೆ ಹಾಕಬೇಕು. ನಾಲ್ಕನೆಯದು ಬಿದ್ದರೆ ಲಯ ಕೆಡುತ್ತದೆ, ಜಿಗಿಯುವ ಕಾಲು ಬದಲಾಗುತ್ತದೆ, ಓಟ ಕೈಬಿಟ್ಟು ಹೋಗುತ್ತದೆ. ಮುಂದಿನ ಕಾಲು ತಡೆಯ ಮೇಲಿಂದ ಹಾಯ್ದು ಬೇಗ ನೆಲಕ್ಕೆ ಬರಬೇಕು, ಹಿಂದಿನ ಕಾಲನ್ನು ಮಂಡಿ ಮಡಚಿ ಪಕ್ಕಕ್ಕೆ ಎಳೆದು ತರಬೇಕು. ಮೇಲಕ್ಕೆ ಹಾರುವವರು ಸೋಲುತ್ತಾರೆ, ತಡೆಯನ್ನು ಸವರಿಕೊಂಡು ಮುಂದಕ್ಕೆ ಹೋಗುವವರು ಗೆಲ್ಲುತ್ತಾರೆ. ಈ ಲೆಕ್ಕ ಮೈಗೆ ಹತ್ತಲು ವರ್ಷಗಳೇ ಬೇಕು, ಪಕ್ಕದಲ್ಲಿ ತಿದ್ದುವ ಕಣ್ಣೂ ಬೇಕು. ಕಾಡಿನಲ್ಲಿ ಹಳ್ಳ ಜಿಗಿದು ಬೆಳೆದ ಹುಡುಗಿಗೆ ಇದು ತಾನಾಗಿ ಬರುತ್ತದೆ ಎನ್ನುವವರು ಹರ್ಡಲ್ಸ್ ಹತ್ತಿರದಿಂದ ನೋಡಿದವರಲ್ಲ. ಕಮಲಾ ಅದನ್ನು ಕಲಿತು ರಾಷ್ಟ್ರಮಟ್ಟದ ಓಟಗಾರ್ತಿಯಾದರು. ಅವರೊಂದಿಗೆ ಕೇಳಿಬರುವ ಇನ್ನೊಂದು ಹೆಸರು ವೇಗದ ಓಟಗಾರ ಜೂಜೆ ಜಾಕಿ ಹರ್ನೋಡ್ಕರ್.

ಇಷ್ಟಾಗಿ ಯೋಜನೆಯ ತಳದಲ್ಲಿ ಒಂದು ತಪ್ಪು ಎಣಿಕೆ ಇತ್ತು. ಸಿದ್ದಿಗಳ ಪೂರ್ವಿಕರು ಆಫ್ರಿಕಾದವರು, ಆಫ್ರಿಕಾದವರು ಓಟದಲ್ಲಿ ಗೆಲ್ಲುತ್ತಾರೆ, ಆದ್ದರಿಂದ ಇವರೂ ಗೆಲ್ಲುತ್ತಾರೆ ಎಂಬ ಎಣಿಕೆ. ಕೇಳಲು ಸರಳ, ಪತ್ರಿಕೆಗಳಿಗೂ ರುಚಿ. ಆದರೆ ದೂರದ ಓಟಗಳಲ್ಲಿ ಜಗತ್ತನ್ನು ಸೋಲಿಸುವ ಕೆನ್ಯಾದವರಲ್ಲಿ ಬಹುಪಾಲು ರಿಫ್ಟ್ ಕಣಿವೆಯ ಎತ್ತರದ ನಾಡಿನ ಕಲೆಂಜಿನ್ ಜನ. ಸಿದ್ದಿಗಳ ಪೂರ್ವಿಕರು ಹೆಚ್ಚಾಗಿ ಆಗ್ನೇಯ ಆಫ್ರಿಕಾದ ಬಾಂಟು ಜನ. ಪೋರ್ಚುಗೀಸರ ಹಡಗುಗಳಲ್ಲಿ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರ ಸಂತಾನ ನಮ್ಮ ಕೇರಿಗಳಲ್ಲಿದೆ. ಒಂದು ಖಂಡದ ಜನರನ್ನೆಲ್ಲ ಒಂದೇ ನೆತ್ತರೆಂದು ತಿಳಿಯುವುದು ಕಾಶ್ಮೀರಿಯನ್ನೂ ಕೊಡವನನ್ನೂ ಒಂದೇ ಎಂದು ತಿಳಿದಂತೆ. ಇದರ ಕೇಡು ಸಣ್ಣದಲ್ಲ. ಗೆದ್ದರೆ ರಕ್ತಗುಣ ಎನ್ನುತ್ತೇವೆ, ಅಲ್ಲಿಗೆ ಮಗುವಿನ ದುಡಿಮೆ ಮರೆಯಾಗುತ್ತದೆ. ಸೋತರೆ ರಕ್ತವಿದ್ದೂ ಸೋತೆಯಲ್ಲ ಎನ್ನುತ್ತೇವೆ, ಅಲ್ಲಿಗೆ ಮಗುವೇ ತಪ್ಪಿತಸ್ಥ. ಎರಡರಲ್ಲೂ ಮೈದಾನ, ಊಟ, ತರಬೇತಿ, ಕಾಲಾವಕಾಶಗಳ ಲೆಕ್ಕ ಕೇಳಬೇಕಾದವರು ಪಾರಾಗುತ್ತಾರೆ.

ಆರು ವರ್ಷಕ್ಕೆ ಮುಗಿದದ್ದು

1993ರಲ್ಲಿ ಸಿದ್ದಿಗಳ ಯೋಜನೆ ನಿಂತಿತು. 1987ರಿಂದ ಲೆಕ್ಕ ಹಾಕಿದರೆ ಆರು ವರ್ಷ. ಹನ್ನೆರಡರ ವಯಸ್ಸಿನಲ್ಲಿ ಆಯ್ಕೆಯಾದ ಹುಡುಗನಿಗೆ ಆಗ ಹದಿನೆಂಟು. ಓಟಗಾರನೊಬ್ಬ ದೊಡ್ಡವರ ಅಂಕಣಕ್ಕೆ ಕಾಲಿಡುವ ವಯಸ್ಸು ಅದು. ವೇಗದ ಓಟಗಾರರು ತಮ್ಮ ಒಳ್ಳೆಯ ಸಮಯ ಮುಟ್ಟುವುದು ಸಾಮಾನ್ಯವಾಗಿ ಇಪ್ಪತ್ತು ದಾಟಿದ ಮೇಲೆ. ಫಸಲು ಕೊಯ್ಯುವ ಹೊತ್ತಿಗೆ ಹೊಲಕ್ಕೆ ನೀರು ನಿಲ್ಲಿಸಿದಂತಾಯಿತು.

ಅದೇ ಯೋಜನೆ ಬೇರೆಡೆ ಏನು ಕೊಟ್ಟಿತು ಎಂಬುದನ್ನು ಪಕ್ಕಕ್ಕಿಟ್ಟು ನೋಡಬೇಕು. ರಾಜಸ್ಥಾನದ ಲಿಂಬಾ ರಾಮ್ ಬಿದಿರಿನ ಬಿಲ್ಲು ಹಿಡಿದು ಬೆಳೆದ ಬುಡಕಟ್ಟು ಹುಡುಗ. 1987ರಲ್ಲಿ ಆಯ್ಕೆಯಾಗಿ ಮರುವರ್ಷವೇ ಸೋಲ್ ಒಲಿಂಪಿಕ್ಸ್‌ಗೆ ಹೋದರು. 1991ರಲ್ಲಿ ಅರ್ಜುನ ಪ್ರಶಸ್ತಿ ಬಂತು, 1992ರಲ್ಲಿ ಬೀಜಿಂಗ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ವಿಶ್ವದಾಖಲೆ ಸರಿಗಟ್ಟಿದರು, 2012ರಲ್ಲಿ ಪದ್ಮಶ್ರೀ ಪಡೆದರು. ಮಣಿಪುರದ ಡಿಂಕೋ ಸಿಂಗ್ ಬೆಳೆದದ್ದೂ ಇಂಥದೇ ಕೇಂದ್ರದಲ್ಲಿ. 1998ರ ಬ್ಯಾಂಕಾಕ್ ಏಷ್ಯನ್ ಕೂಟದಲ್ಲಿ ಅವರು ಬಾಕ್ಸಿಂಗ್ ಚಿನ್ನ ಗೆದ್ದರು. ಅಂದರೆ ಕಾಡು ಗುಡ್ಡಗಳಲ್ಲಿ ಪ್ರತಿಭೆ ಹುಡುಕುವ ಯೋಚನೆ ಸುಳ್ಳಾಗಿರಲಿಲ್ಲ. ಬಿಲ್ಲುಗಾರನಿಗೆ ಫಲ ಬೇಗ ಸಿಕ್ಕಿತು, ಬಾಕ್ಸರ್‌ಗೆ ಕೇಂದ್ರ ಮುಚ್ಚದೆ ಉಳಿಯಿತು. ಓಟಗಾರರಿಗೆ ಬೇಗ ಸಿಗುವ ಫಲವೂ ಇರಲಿಲ್ಲ, ಉಳಿಯುವ ಕೇಂದ್ರವೂ ಇರಲಿಲ್ಲ.

ಇನ್ನೊಂದು ಸಂಗತಿಯನ್ನು ಈ ಕಥೆ ಹೇಳುವವರು ಬಹುತೇಕ ಮರೆತುಬಿಡುತ್ತಾರೆ. 1993ರಲ್ಲಿ ಮನೆಗೆ ಮರಳಿದ ಇಲ್ಲಿನ ಸಿದ್ದಿ ಹುಡುಗ ಹುಡುಗಿಯರು ಕಾಗದದ ಮೇಲೆ ಪರಿಶಿಷ್ಟ ಪಂಗಡದವರಾಗಿರಲಿಲ್ಲ. ಬುಡಕಟ್ಟಿನವರೆಂದು ಆರಿಸಿ ಕರೆದೊಯ್ದ ಸರ್ಕಾರದ ಪಟ್ಟಿಯಲ್ಲಿ ಅವರು ಬುಡಕಟ್ಟಿನವರಲ್ಲ! ಉತ್ತರ ಕನ್ನಡದ ಸಿದ್ದಿಗಳಿಗೆ ಆ ಸ್ಥಾನ ಸಿಕ್ಕಿದ್ದು 2003ರ ಜನವರಿಯಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳಿಗೆ 2020ರಲ್ಲಿ. ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕ ಕೆಲವರು ಬಚಾವಾದರು. ಉಳಿದವರಿಗೆ ಅರ್ಜಿಯ ಜೊತೆ ಲಗತ್ತಿಸಲು ಪರಿಶಿಷ್ಟ ಪಂಗಡದ ಪ್ರಮಾಣಪತ್ರವೂ ಇರಲಿಲ್ಲ. ಓಡಿದ ಸಮಯ ಉದ್ಯೋಗ ಕೊಡುವವನ ಮೇಜಿನ ಮೇಲೆ ಏನನ್ನೂ ಹೇಳುವುದಿಲ್ಲ. ಅವರು ಮತ್ತೆ ಗದ್ದೆ, ತೋಟ, ಕೂಲಿಗೆ ಇಳಿದರು.

ಮಾರ್ಗರೆಟ್ ಆಳ್ವ ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಅವರು ಸಚಿವರಾಗುವವರೆಗೆ ದೆಹಲಿಯ ಯಾವ ಕಚೇರಿಯೂ ಹಳಿಯಾಳ, ಮುಂಡಗೋಡದ ಕೇರಿಗಳ ಮಗುವನ್ನು ಆಟಗಾರನೆಂದು ಕಂಡಿರಲಿಲ್ಲ. 1989ರಲ್ಲಿ ಸರ್ಕಾರ ಬದಲಾಯಿತು, ಖಾತೆ ಕೈಬಿಟ್ಟಿತು. 1999ರಿಂದ 2004ರವರೆಗೆ ಅವರು ಇದೇ ಉತ್ತರ ಕನ್ನಡದ ಸಂಸದೆಯಾಗಿದ್ದರು. ಪರಿಶಿಷ್ಟ ಪಂಗಡದ ಸ್ಥಾನ ಬಂದದ್ದೂ ಆ ಅವಧಿಯಲ್ಲೇ. ಸಮುದಾಯದೊಳಗಿಂದಲೇ ನಾಯಕರೊಬ್ಬರು ಶಾಸನಸಭೆ ತಲುಪಲು ಮಾತ್ರ 2020 ಬರಬೇಕಾಯಿತು. ಯಲ್ಲಾಪುರ ಕಡೆಯ ಶಾಂತಾರಾಮ ಸಿದ್ದಿ ಆ ವರ್ಷ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಇವರಿಗಿಂತ ಮೊದಲು ಯಾವ ಸಿದ್ದಿಯೂ ಆ ಮೆಟ್ಟಿಲು ಹತ್ತಿರಲಿಲ್ಲ. ಒಳ್ಳೆಯ ಮನಸ್ಸಿನ ಸಚಿವರೊಬ್ಬರ ಮೇಲೆ ನಿಂತ ಕೆಲಸ ಆ ಸಚಿವರ ಖಾತೆಯೊಂದಿಗೇ ಸಡಿಲವಾಗುತ್ತದೆ. ಯೋಜನೆಗೆ ಆರಂಭದ ದಿನವಿರುತ್ತದೆ, ಮುಕ್ತಾಯದ ದಿನವೂ ಇರುತ್ತದೆ. ತಂಡ ಹಾಗಲ್ಲ. ಅದಕ್ಕೆ ಹಳಬರು, ಹೊಸಬರು, ಹಗೆಗಳು, ಅಭಿಮಾನಿಗಳು, ಗೋಡೆಗೆ ನೇತುಹಾಕಿದ ಫೋಟೊಗಳು ಎಲ್ಲ ಇರುತ್ತವೆ. ಸಿದ್ದಿ ಮಕ್ಕಳಿಗೆ ಯೋಜನೆ ಸಿಕ್ಕಿತು, ತಂಡ ಸಿಗಲಿಲ್ಲ.

ಹಿಮದ ಮೇಲಿನ 22

ತಂಡವೆಂದರೆ ಏನು ಎಂಬುದನ್ನು ತೋರಿಸಲು ದೂರದ ಒಂದು ಕಥೆ ಹೇಳುತ್ತೇನೆ. ಆಟ ನಮ್ಮದಲ್ಲ, ಐಸ್ ಹಾಕಿ. ಕಥೆಯ ಬೇರು ಮಾತ್ರ ಸಿದ್ದಿಗಳ ಕಥೆಯದೇ.

ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ಉತ್ತರಕ್ಕೆ ಓಡಿ ಕೆನಡಾ ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳು ಹೆಪ್ಪುಗಟ್ಟಿದ ಕೆರೆಗಳ ಮೇಲೆ ಹಾಕಿ ಕಲಿತರು. 1895ರಲ್ಲಿ ಹ್ಯಾಲಿಫ್ಯಾಕ್ಸ್ ಪಟ್ಟಣದಲ್ಲಿ ಕರಿಯರ ಬ್ಯಾಪ್ಟಿಸ್ಟ್ ಇಗರ್ಜಿಗಳ ಮುಂದಾಳುಗಳು ಸೇರಿ ತಮ್ಮದೇ ಲೀಗ್ ಕಟ್ಟಿದರು. ಹ್ಯಾಲಿಫ್ಯಾಕ್ಸ್ ಯುರೇಕಾಸ್, ಡಾರ್ಟ್‌ಮತ್ ಜೂಬಿಲೀಸ್, ಆಫ್ರಿಕ್‌ವಿಲ್ ಸೀಸೈಡ್ಸ್ ಎಂದೆಲ್ಲ ತಂಡಗಳಿದ್ದವು. ಆ ಲೀಗ್ ನಿಂತುಹೋಯಿತು, ದಶಕಗಳ ಕಾಲ ಯಾರೂ ನೆನೆಯಲಿಲ್ಲ. 2004ರಲ್ಲಿ ಜಾರ್ಜ್ ಮತ್ತು ಡ್ಯಾರಿಲ್ ಫಾಸ್ಟಿ ಅದರ ಚರಿತ್ರೆಯನ್ನು ಪುಸ್ತಕವಾಗಿ ತಂದರು. 2020ರಲ್ಲಿ ಕೆನಡಾದ ಅಂಚೆ ಇಲಾಖೆ ಆ ತಂಡಗಳ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಮರೆತದ್ದನ್ನು ಯಾರಾದರೂ ಕೂತು ಬರೆದರೆ ಮಾತ್ರ ಅದು ಮರಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅದೇ ಬಗೆಯ ಮನೆತನದಲ್ಲಿ 1935ರಲ್ಲಿ ಕೆನಡಾದ ಫ್ರೆಡರಿಕ್ಟನ್‌ನಲ್ಲಿ ಹುಟ್ಟಿದವರು ವಿಲ್ಲಿ ಓರೀ. ಆಟದ ನಡುವೆ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ ಮುಖಕ್ಕೆ ಬಡಿದು ಬಲಗಣ್ಣಿನ ದೃಷ್ಟಿ ಹೋಯಿತು. ಅದನ್ನು ಬಾಯಿಬಿಡದೆ ಆಡುತ್ತಲೇ ಹೋದರು. 1958ರ ಜನವರಿ 18ರಂದು ಬಾಸ್ಟನ್ ಬ್ರುಯಿನ್ಸ್ ತಂಡದ ಅಂಗಿ ತೊಟ್ಟು ಕಣಕ್ಕಿಳಿದಾಗ, ಉತ್ತರ ಅಮೆರಿಕದ ಐಸ್ ಹಾಕಿಯ ದೊಡ್ಡ ಲೀಗ್‌ನಲ್ಲಿ ಆಡಿದ ಮೊದಲ ಕರಿಯ ಆಟಗಾರನಾದರು. ಅಲ್ಲಿ ಅವರು ಆಡಿದ್ದು ಒಟ್ಟು 45 ಪಂದ್ಯ, ಹೊಡೆದ ಗೋಲು 4. ಅಂಕಿಯಷ್ಟನ್ನೇ ನೋಡುವವನಿಗೆ ಇದು ಏನೂ ಅಲ್ಲ. ಕೆಳಗಿನ ಲೀಗ್‌ಗಳಲ್ಲಿ ನಲವತ್ತು ದಾಟುವವರೆಗೂ ಆಡಿದರು, ಪ್ರೇಕ್ಷಕರ ಬೈಗುಳ ಕೇಳಿದರು. 2018ರಲ್ಲಿ ಹಾಕಿಯ ಹಾಲ್ ಆಫ್ ಫೇಮ್‌ಗೆ ಸೇರಿದರು. 2022ರ ಜನವರಿ 18ರಂದು, ಮೊದಲ ಪಂದ್ಯವಾಡಿ ಸರಿಯಾಗಿ 64 ವರ್ಷವಾದ ದಿನ, ಬ್ರುಯಿನ್ಸ್ ತಂಡ ಅವರ 22ನೇ ಅಂಕಿಯನ್ನು ಕ್ರೀಡಾಂಗಣದ ಚಾವಣಿಗೆ ಏರಿಸಿತು. ಇನ್ನು ಆ ತಂಡದಲ್ಲಿ 22 ಯಾರಿಗೂ ಇಲ್ಲ.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೌರವ ತಡವಾಗಿ ಬಂತೆಂಬುದಲ್ಲ. 64 ವರ್ಷ ತಡವಾಗಿಯಾದರೂ ಕೊಡಲು ಅಲ್ಲಿ ಯಾರೋ ಇದ್ದರು ಎಂಬುದು. ಬ್ರುಯಿನ್ಸ್ ತಂಡ ಹುಟ್ಟಿದ್ದು 1924ರಲ್ಲಿ. ಮಾಲೀಕರು ಬದಲಾದರು, ಕ್ರೀಡಾಂಗಣ ಬದಲಾಯಿತು, ತಂಡ ಉಳಿಯಿತು. ಯಾವ ಆಟಗಾರ ಯಾವ ದಿನ ಯಾವ ಅಂಕಿ ತೊಟ್ಟಿದ್ದ ಎಂಬ ದಾಖಲೆ ಉಳಿಯಿತು. ಐಸ್ ಹಾಕಿಯ ಸ್ಟಾನ್ಲಿ ಬಟ್ಟಲಿನ ಮೇಲೆ ಗೆದ್ದ ತಂಡದ ಆಟಗಾರರ ಹೆಸರುಗಳನ್ನು ಒಂದೊಂದಾಗಿ ಕೆತ್ತುತ್ತಾರೆ. ಜಾಗ ತುಂಬಿದರೆ ಹಳೆಯ ಪಟ್ಟಿಯನ್ನು ಬಿಚ್ಚಿ ಟೊರಾಂಟೋದಲ್ಲಿ ಜೋಪಾನವಾಗಿ ಇಡುತ್ತಾರೆ. ಬಿಚ್ಚಿದ್ದನ್ನು ಎಸೆಯುವುದಿಲ್ಲ. ಸಿದ್ದಿ ಓಟಗಾರ್ತಿಯೊಬ್ಬಳಿಗೆ ಇಂದು ಗೌರವ ಸಲ್ಲಿಸಬೇಕೆಂದರೆ ಸಲ್ಲಿಸುವವರು ಯಾರು? ನಿಂತುಹೋದ ಯೋಜನೆಗೆ ಕೈಯಿಲ್ಲ.

ಕೆನ್ಯಾದ ಇಟೆನ್ ಊರಿನ ಸೇಂಟ್ ಪ್ಯಾಟ್ರಿಕ್ಸ್ ಶಾಲೆಯನ್ನೂ ಇಲ್ಲಿ ನೆನೆಯಬೇಕು. ರಕ್ತದ ಮಾತಾಡುವವರು ಅಲ್ಲಿಗೊಮ್ಮೆ ಹೋಗಿ ಬರಬೇಕು. ಸುಮಾರು 2,400 ಮೀಟರ್ ಎತ್ತರದ ಆ ಊರಿಗೆ ಐರ್ಲೆಂಡಿನ ಕ್ರೈಸ್ತ ಧರ್ಮಸಂಘವೊಂದರ ಬ್ರದರ್ ಕಾಲಮ್ ಓ’ಕಾನೆಲ್ 1976ರಲ್ಲಿ ಮೇಷ್ಟರಾಗಿ ಬಂದರು. ಅಥ್ಲೆಟಿಕ್ಸ್ ಓದಿದವರಲ್ಲ. ಅಲ್ಲೇ ಉಳಿದು, ಕಲಿತು, ಕಲಿಸಿ, ಮುಂದೆ 800 ಮೀಟರ್ ಓಟದಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದ ಡೇವಿಡ್ ರುಡಿಶಾನವರೆಗೆ ಸಾಲು ಸಾಲು ಓಟಗಾರರನ್ನು ಬೆಳೆಸಿದರು. ಶಾಲೆಯ ಅಂಗಳದಲ್ಲಿ ಗೆದ್ದುಬಂದ ಹಳೆಯ ವಿದ್ಯಾರ್ಥಿಗಳ ಹೆಸರಿನಲ್ಲಿ ಗಿಡ ನೆಟ್ಟಿದ್ದಾರೆ. ಹೊಸದಾಗಿ ಸೇರಿದ ಹುಡುಗ ಆ ನೆರಳಲ್ಲಿ ಬೂಟಿನ ದಾರ ಕಟ್ಟುತ್ತಾನೆ. ತನಗಿಂತ ಮೊದಲು ಇಲ್ಲಿ ದಾರ ಕಟ್ಟಿದವನು ಎಲ್ಲಿಯವರೆಗೆ ಹೋದ ಎಂಬುದು ಅವನಿಗೆ ಗೊತ್ತಿರುತ್ತದೆ.

ಗರಡಿ ಮರೆಯುವುದಿಲ್ಲ

ಅಷ್ಟು ದೂರವೇ ಹೋಗಬೇಕೆಂದಿಲ್ಲ. ಹಳಿಯಾಳದ ಗರಡಿಯಲ್ಲೇ ಈ ಪಾಠ ಇದೆ.

ಧಾರವಾಡ, ಬೆಳಗಾವಿ ಸೀಮೆಗೆ ಹೊಂದಿಕೊಂಡ ಹಳಿಯಾಳದಲ್ಲಿ ಕುಸ್ತಿ ಹಳೆಯದು. ಕನ್ನಡ, ಮರಾಠಿ, ಕೊಂಕಣಿ ಮೂರೂ ಬೆರೆತ ಊರಿನಲ್ಲಿ ಮೂರಕ್ಕೂ ಸಲ್ಲುವ ಆಟ ಇದು. ನಸುಕಿನಲ್ಲಿ ಗರಡಿಗೆ ಹೋದರೆ ಹುಡುಗರು ಮೊದಲು ಕಣವನ್ನು ಅಗೆದು ಮಣ್ಣು ಸಡಿಲಿಸುತ್ತಿರುತ್ತಾರೆ. ಅದು ಬರೀ ಮಣ್ಣಲ್ಲ. ಎಣ್ಣೆ, ಮಜ್ಜಿಗೆ, ಲಿಂಬೆರಸ, ಅರಿಸಿನ ಕೂಡಿಸಿ ಹದ ಮಾಡಿದ ಮಣ್ಣು. ಬಿದ್ದರೆ ಮೈ ತರಚಬಾರದು, ಹಿಡಿದರೆ ಕೈ ಜಾರಬಾರದು, ಆ ಹದಕ್ಕೆ ಬರಬೇಕು. ಲಂಗೋಟಿ ಬಿಗಿದು, ಹನುಮಪ್ಪನ ಪಟಕ್ಕೆ ಕೈಮುಗಿದು, ಉಸ್ತಾದರ ಕಾಲು ಮುಟ್ಟಿ, ಒಂದು ಹಿಡಿ ಮಣ್ಣನ್ನು ಎದುರಾಳಿಯ ಹೆಗಲ ಮೇಲೆ ಹಾಕಿದ ಮೇಲೆಯೇ ಪಟ್ಟು. ತಾಲೀಮು, ಖುರಾಕು, ಜೋಡಿ, ಬಯಲು ಕುಸ್ತಿ, ಎಲ್ಲಕ್ಕೂ ಹಿಂದಿನವರು ಹಾಕಿಕೊಟ್ಟ ದಾರಿ ಇದೆ. ಗೋಡೆಯ ಮೇಲೆ ಗದೆ ಹೊತ್ತು ನಿಂತ ಹಳೆಯ ಪೈಲ್ವಾನರ ಫೋಟೊಗಳು. ಹೊಸ ಹುಡುಗನಿಗೆ ಮೊದಲ ವಾರದಲ್ಲೇ ಆ ಫೋಟೊಗಳ ಪರಿಚಯವಾಗುತ್ತದೆ. ಯಾರೂ ಪಾಠ ಮಾಡುವುದಿಲ್ಲ, ಮಾತಿನಲ್ಲೇ ಬರುತ್ತದೆ.

ಈ ಗಟ್ಟಿ ನೆಲದ ಮೇಲೆ ಸರ್ಕಾರದ ಕುಸ್ತಿ ಕ್ರೀಡಾ ವಸತಿ ನಿಲಯ ಹಳಿಯಾಳದಲ್ಲಿ ಬಂತು. ಮಣ್ಣಿನ ಪಕ್ಕಕ್ಕೆ ಮ್ಯಾಟ್ ಬಂತು. ಮ್ಯಾಟ್ ಬಂದದ್ದರಿಂದ ಒಂದು ಬಾಗಿಲು ತೆರೆಯಿತು. ಜಾತ್ರೆಯ ಕಣದಲ್ಲಿ ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ, ಮ್ಯಾಟಿನ ಮೇಲೆ ಜಾಗ ಸಿಕ್ಕಿತು. 2004ರ ಅಥೆನ್ಸ್‌ನಲ್ಲಿ ಮಹಿಳಾ ಕುಸ್ತಿ ಒಲಿಂಪಿಕ್ಸ್ ಸೇರಿತು, 2016ರ ರಿಯೊದಲ್ಲಿ ಸಾಕ್ಷಿ ಮಲಿಕ್ ಕಂಚು ತಂದರು. ಅದೇ ಕಾಲಕ್ಕೆ ಹಳಿಯಾಳದ ಮ್ಯಾಟಿನ ಮೇಲೆ ಸಿದ್ದಿ ಹುಡುಗಿಯರು ಪಟ್ಟು ಕಲಿಯುತ್ತಿದ್ದರು. ಲೀನಾ ಸಿದ್ದಿ, ಶಾಲಿನಾ ಸಿದ್ದಿ ಅವರಂಥವರು ರಾಜ್ಯದ ಪರವಾಗಿ ರಾಷ್ಟ್ರೀಯ ಕೂಟಗಳಲ್ಲಿ ಸೆಣಸಿದರು. ಇವರನ್ನು ಯಾರೂ ಆಫ್ರಿಕಾದ ರಕ್ತವೆಂದು ಹುಡುಕಿ ತಂದಿರಲಿಲ್ಲ. ಆಫ್ರಿಕಾ ಕುಸ್ತಿಯಲ್ಲಿ ಗೆಲ್ಲುತ್ತದೆ ಎಂದು ಯಾರೂ ಎಲ್ಲೂ ಹೇಳಿಲ್ಲ. ಊರಿನಲ್ಲಿ ಗರಡಿ ಇತ್ತು, ಹಾಸ್ಟೆಲ್ ಇತ್ತು, ಕಲಿಸುವವರು ಇದ್ದರು, ಅದಕ್ಕೇ ಅವರು ಪೈಲ್ವಾನರಾದರು. ಓಟಗಾರರ ಕಥೆಯನ್ನೂ ಪೈಲ್ವಾನರ ಕಥೆಯನ್ನೂ ಒಟ್ಟಿಗೆ ಓದಿದರೆ ರಕ್ತದ ವಾದ ಅಲ್ಲಿಗೆ ಮುಗಿಯುತ್ತದೆ.

ದಾಂಡೇಲಿ, ಜೋಯಿಡಾಗಳ ಪಾಡು ಬೇರೆ. ದಾಂಡೇಲಿ 1955ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯ ಊರು, ಈಗ ಕಾಳಿ ನದಿಯ ರಾಫ್ಟಿಂಗ್‌ಗೆ ಬರುವವರ ಊರು. ಜೋಯಿಡಾ ತಾಲ್ಲೂಕಿನ ಮನೆಗಳು ಹುಲಿ ಸಂರಕ್ಷಿತ ಕಾಡಿನ ನಡುವೆ ಚದುರಿವೆ. ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ ನಿಂತರೆ ಬಸ್ಸು ತಪ್ಪುತ್ತದೆ, ಬಸ್ಸು ತಪ್ಪಿದರೆ ಕತ್ತಲಲ್ಲಿ ಕಾಡುದಾರಿ. ಹಾಸ್ಟೆಲ್ ಇಲ್ಲದೆ ಇಲ್ಲಿ ಆಟಗಾರರು ಬೆಳೆಯಲಾರರು. ತಾಲ್ಲೂಕು ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಗೆದ್ದ ಕುಣಬಿ ಹುಡುಗನೋ ಸಿದ್ದಿ ಹುಡುಗಿಯೋ ಪ್ರಮಾಣಪತ್ರವನ್ನು ಟ್ರಂಕಿನಲ್ಲಿಟ್ಟು ಅಲ್ಲಿಗೇ ನಿಲ್ಲುವುದು ಇದಕ್ಕೇ.

ಮುಂಡಗೋಡದ ಹೊಸ ಓಟ

ಮುಂಡಗೋಡದಲ್ಲಿ ಕಳೆದ ದಶಕದಲ್ಲಿ ಮತ್ತೆ ಓಟ ಶುರುವಾಗಿದೆ. ಈ ಸಲ ದೆಹಲಿಯಿಂದ ಬಂದದ್ದಲ್ಲ. ನಿತೀಶ್ ಚಿನಿವಾರ ಕಟ್ಟಿದ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಸಂಸ್ಥೆ ಇಲ್ಲೇ ನೆಲೆ ಮಾಡಿಕೊಂಡು ಸಿದ್ದಿ, ಗೌಳಿ ಮಕ್ಕಳನ್ನು ಅಥ್ಲೆಟಿಕ್ಸ್‌ಗೆ ಸಜ್ಜುಗೊಳಿಸುತ್ತಿದೆ. 100 ಮೀಟರ್ ಓಟಗಾರ ರವಿಕಿರಣ್ ಸಿದ್ದಿ, ಗೌಳಿ ಸಮುದಾಯದ ನಯನಾ ಕೊಕರೆ ಇಲ್ಲಿಂದ ಬೆಳೆದ ಹೆಸರುಗಳು. ಎಮ್ಮೆ ಮೇಯಿಸುವ ಗೌಳಿವಾಡದ ಹುಡುಗಿ ಸ್ಪೈಕ್ಸ್ ತೊಟ್ಟು ಬ್ಲಾಕಿಗೆ ಕಾಲಿಡುವುದು ಈ ತಾಲ್ಲೂಕಿನಲ್ಲಿ ಹಿಂದೆ ಯಾರೂ ಕಂಡದ್ದಲ್ಲ. ನನಗೆ ಇದರಲ್ಲಿ ಹಿಡಿಸಿದ್ದು ಸಿದ್ದಿಯೂ ಗೌಳಿಯೂ ಒಂದೇ ಗೆರೆಯಲ್ಲಿ ನಿಲ್ಲುವುದು. ಇಲ್ಲಿ ನೋಡುವುದು ಮೂಲವನ್ನಲ್ಲ, ಓಟವನ್ನು. ಮಗು ಮನೆಯಿಂದ ನೂರಾರು ಮೈಲಿ ದೂರ ಹೋಗಬೇಕಾಗಿಲ್ಲ ಎಂಬುದೂ ಮುಖ್ಯ. ಹಬ್ಬಕ್ಕೆ ಮನೆಗೆ ಹೋಗಿ ಸಿದ್ದಿಗಳ ಡಮಾಮಿ ಡೋಲು ಬಾರಿಸಿ ಮರುದಿನ ಅಭ್ಯಾಸಕ್ಕೆ ಬರಬಹುದು. ಆದರೆ ಇದೂ ದಾನಿಗಳ ಕೈ ನೋಡಿ ನಡೆಯಬೇಕಾದ ಕೆಲಸ. ಹತ್ತು ಇಪ್ಪತ್ತು ವರ್ಷ ಅಲುಗದಂತೆ ನಿಲ್ಲಲು ಸರ್ಕಾರ ಹೆಗಲು ಕೊಡಬೇಕು. ಉತ್ಸವದ ದಿನ ಬಂದು ಭಾಷಣ ಮಾಡುವ ಹೆಗಲಲ್ಲ, ತಿಂಗಳು ತಿಂಗಳು ಊಟದ ಬಿಲ್ಲು ಕಟ್ಟುವ ಹೆಗಲು.

1987ರಲ್ಲಿ ಹನ್ನೆರಡರ ಆಸುಪಾಸಿನಲ್ಲಿದ್ದವರು ಈಗ ಐವತ್ತು ದಾಟಿದವರು ಅಥವಾ ದಾಟುತ್ತಿರುವವರು. ಹಳಿಯಾಳ, ಮುಂಡಗೋಡ, ಯಲ್ಲಾಪುರಗಳ ಕೇರಿಗಳಲ್ಲಿ ಅವರು ನಮ್ಮ ನಡುವೆಯೇ ಇದ್ದಾರೆ. ಬ್ಲಾಕಿನಿಂದ ಏಳುವ ಮೊದಲ ಹೆಜ್ಜೆ ಹೇಗಿರಬೇಕು, ತಡೆಯ ಮುಂದೆ ಕಣ್ಣು ಎಲ್ಲಿರಬೇಕು ಎಂಬುದನ್ನು ದೇಶದ ಒಳ್ಳೆಯ ತರಬೇತುದಾರರಿಂದ ಕಲಿತವರು ಅವರು. ಆ ಕಲಿಕೆಗೆ ದೇಶ ಹಣ ಸುರಿದಿತ್ತು, ಅದು ಇನ್ನೂ ಅವರ ಮೈಯಲ್ಲಿ ಇದೆ. ಅವರನ್ನು ಶಾಲೆಗಳ ಮೈದಾನಕ್ಕೆ ಕರೆಯಬೇಕು, ಶಾಲು ಹೊದಿಸಿ ಕಳಿಸಲು ಅಲ್ಲ, ಕೈಗೆ ಸೀಟಿ ಕೊಟ್ಟು ಸಂಬಳ ಕೊಡಲು. ಅವರ ಟ್ರಂಕುಗಳಲ್ಲಿ ಹಳೆಯ ಪ್ರಮಾಣಪತ್ರಗಳು, ಪದಕಗಳು, ಗುಂಪು ಫೋಟೊಗಳು ಇವೆ. ಗೆದ್ದಲು ತಿನ್ನುವ ಮೊದಲು ಯಾರಾದರೂ ಹೋಗಿ ಅವನ್ನು ನೋಡಿ, ಯಾವ ವರ್ಷ, ಯಾವ ಕೂಟ, ಯಾವ ಓಟ, ಎಷ್ಟು ಸೆಕೆಂಡು ಎಂದು ಬರೆದುಕೊಳ್ಳಬೇಕು. ಧಾರವಾಡದ ವಿಶ್ವವಿದ್ಯಾಲಯದ ಒಬ್ಬ ಸಂಶೋಧನಾ ವಿದ್ಯಾರ್ಥಿ, ಇಲ್ಲವೇ ಹಳಿಯಾಳದ ಕಾಲೇಜಿನ ಒಬ್ಬ ದೈಹಿಕ ಶಿಕ್ಷಣ ಮೇಷ್ಟರು ಮನಸ್ಸು ಮಾಡಿದರೆ ಒಂದು ವರ್ಷದ ಕೆಲಸ.

ಬರೆದದ್ದನ್ನು ಹಳಿಯಾಳದ ಕುಸ್ತಿ ಹಾಸ್ಟೆಲ್ಲಿನಲ್ಲಿ ಪೈಲ್ವಾನರ ಹೆಸರುಗಳ ಪಕ್ಕದಲ್ಲೇ ಗೋಡೆಗೆ ಹಾಕಬಹುದು. ಮುಂಡಗೋಡದ ಅಭ್ಯಾಸದ ಮೈದಾನದಲ್ಲಿ ಹಾಕಬಹುದು. ಮಕ್ಕಳನ್ನು ಕಳಿಸಿಕೊಟ್ಟ ಕೇರಿಗಳ ಕಿರಿಯ ಪ್ರಾಥಮಿಕ ಶಾಲೆಗಳಲ್ಲಂತೂ ಹಾಕಲೇಬೇಕು. ಇದಕ್ಕೆ ದೆಹಲಿಯ ಮಂಜೂರಾತಿ ಬೇಕಿಲ್ಲ, ಗ್ರಾಮ ಪಂಚಾಯಿತಿಯ ಒಂದು ಠರಾವು ಸಾಕು. ಮೊದಲ ಎರಡು ಸಾಲು ಬರೆಯಲು ಯಾರನ್ನೂ ಕೇಳಬೇಕಾಗಿಲ್ಲ: ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್. ಮೂರನೆಯ ಸಾಲಿನಿಂದ ಮುಂದಕ್ಕೆ ಯಾರ ಹೆಸರು ಬರೆಯಬೇಕೆಂದು ಕೇರಿಯವರೇ ಹೇಳುತ್ತಾರೆ, ಹೋಗಿ ಕೇಳಬೇಕಷ್ಟೇ.